ಕೆಂಬಂಡೆ ಮೀಮಾಂಸೆ, ಅಥವಾ ಒಂದೂವರೆ ಗಂಟೆಯ ಪ್ರವಾಸಶಾಸ್ತ್ರ

ಯಾವುದೇ ಗ್ರಂಥ ವಿಷಯಕ್ಕೆ ಬರುವ ಮೊದಲು ದೇಶ-ಕಾಲಗಳ ನಿರ್ಣಯ ಆಗಬೇಕೆಂಬುದು ವಿದ್ವಾಂಸರ ಹಳೆಯ ಹಠ. ದೇಶದ ಬಗ್ಗೆ ಜಗಳವಿಲ್ಲ: ಅಮೆರಿಕದ ಅರಿಝೋನಾ ರಾಜ್ಯದ ಉತ್ತರದಂಚು, ಅಣೆಕಟ್ಟೆ ಕಟ್ಟುವವರ ವಸತಿಗೆಂದು 1957ರಲ್ಲಿ ಹುಟ್ಟಿದ ಪೇಜ್ ಪಟ್ಟಣ, ಅದರ ಪಕ್ಕದ ನವಾಹೊ ಜನರ ನೆಲದಲ್ಲಿ ಬಿರಿದ ಆ್ಯಂಟಲೋಪ್ ಕ್ಯಾನ್ಯನ್.

ತಕರಾರಿರುವುದು ಕಾಲದ್ದು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವ ಪದ್ಧತಿಯನ್ನು ಅರಿಝೋನಾ ಒಪ್ಪುವುದಿಲ್ಲ. ಅದೇ ರಾಜ್ಯದೊಳಗಿನ ನವಾಹೊ ನೇಶನ್ ಒಪ್ಪುತ್ತದೆ. ಕೆಲವೇ ಮೈಲಿ ಆಚೆಯ ಯೂಟಾ ಕೂಡ ಒಪ್ಪುತ್ತದೆ. ಕಣಿವೆ ನವಾಹೊ ನೆಲದಲ್ಲಿದ್ದರೂ ಟೂರ್ ಹೊರಡುವುದು ಮಾತ್ರ ಪೇಜ್ ಪಟ್ಟಣದ ಗಡಿಯಾರದಂತೆ. ಹತ್ತಿರ ಸಿಕ್ಕ ಟವರಿನ ಮಾತನ್ನೆಲ್ಲ ನಂಬುವ ಮೊಬೈಲು ಇಲ್ಲಿ ಪಕ್ಷ ಬದಲಿಸುತ್ತಲೇ ಇರುತ್ತದೆ. ಪಂಪ ಆದಿಪುರಾಣ ಬರೆದ ಕಾಲವನ್ನು (ಕ್ರಿ.ಶ. 941) ಇದಕ್ಕಿಂತ ಖಚಿತವಾಗಿ ಹೇಳಬಹುದು.

ಇನ್ನು ಅಧಿಕಾರಿ ಲಕ್ಷಣ. ಗೈಡ್ ಇಲ್ಲದೆ ಕಣಿವೆಗೆ ಪ್ರವೇಶವಿಲ್ಲ, ಬೆನ್ನಚೀಲಕ್ಕೂ ಇಲ್ಲ. ಟಿಕೆಟ್, ನೀರಿನ ಬಾಟಲಿ ಮತ್ತು ಫೋನ್ ಇದ್ದವನೇ ಅರ್ಹ ಜಿಜ್ಞಾಸು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬಂದ ಮೈಸೂರು-ಮಂಡ್ಯದ ತಂದೆತಾಯಿಯರು ಚಕ್ಕುಲಿ ಡಬ್ಬಿಯನ್ನು ಕಾರಿನಲ್ಲೇ ಬಿಟ್ಟು ಬರುವುದು ಈ ನಿಯಮದಿಂದಾಗಿ.

ವಸ್ತುವಿಚಾರ ಸರಳ. ಸುಮಾರು 19 ಕೋಟಿ ವರ್ಷಗಳ ಹಿಂದೆ ಇಲ್ಲಿ ಮರಳುಗುಡ್ಡಗಳಿದ್ದವು. ಅವು ಗಟ್ಟಿಯಾಗಿ ನವಾಹೊ ಮರಳುಗಲ್ಲಾದವು. ಕಣಗಳಿಗೆ ಅಂಟಿದ ಕಬ್ಬಿಣದ ಆಕ್ಸೈಡ್ ಬಣ್ಣ ಕೊಟ್ಟಿತು. ಮಳೆಗಾಲದ ನೀರು ಸಣ್ಣ ಬಿರುಕಿಗೆ ನುಗ್ಗಿ, ಮರಳನ್ನೇ ಅರದಂತೆ ಉಜ್ಜುತ್ತ ಗೋಡೆಗಳನ್ನು ಅಲೆ ಅಲೆಯಾಗಿ ಕೊರೆಯಿತು. ಇಷ್ಟನ್ನು ಗೈಡ್ ಹೇಳಿ ಮುಗಿಸುವ ಮೊದಲೇ ಗುಂಪು ಫೋನ್ ಎತ್ತಿರುತ್ತದೆ.

ಪೂರ್ವಪಕ್ಷದವರ ವಾದ ಹೀಗಿದೆ: ಕಣಿವೆಯ ಸೌಂದರ್ಯ ಪ್ರಕೃತಿದತ್ತ, ಗೈಡ್ ಬರೀ ದಾರಿ ತೋರಿಸುವವನು. ಈ ವಾದ ನಿಲ್ಲದು. ಮೇಲ್ಕಣಿವೆಯಲ್ಲಿ ಬೇಸಿಗೆಯ ನಡುಹಗಲು ಸೂರ್ಯನ ಕೋಲು ನೆಲಕ್ಕಿಳಿಯುತ್ತದೆ, ಸರಿ. ಆದರೆ ಗಾಳಿಯಲ್ಲಿ ದೂಳಿಲ್ಲದಿದ್ದರೆ ಅದು ಕಾಣುವುದೇ ಇಲ್ಲ. ಆಗ ಮೊಗೆದ ಮರಳನ್ನು ಮೇಲೆ ತೂರಿದವನು ಯಾರು? ಫೋನ್ ಇಸಕೊಂಡು ಬಣ್ಣದ ಸೆಟ್ಟಿಂಗ್ ಬದಲಿಸಿ, ಬಂಡೆಯಲ್ಲಿ ಕರಡಿಯನ್ನೂ ಹೃದಯವನ್ನೂ ತೋರಿಸಿ, “ಇಲ್ಲಿ ನಿಲ್ಲಿ, ಮೇಲೆ ನೋಡಿ” ಎಂದವನು ಯಾರು? ಕಾವ್ಯ ನೀರಿನದೇ ಇರಬಹುದು, ಸಂಪಾದನೆ ಗೈಡಿನದು. ಫೋಟೊ ಕೆಳಗೆ ಮಾತ್ರ ಪ್ರವಾಸಿಯ ಹೆಸರು.

ಬಣ್ಣದ ಮಾತಿಗೆ ಒಂದು ಅಪವಾದವುಂಟು. ಛಾಯಾಗ್ರಾಹಕ ಪೀಟರ್ ಲಿಕ್ ಇದೇ ಕಣಿವೆಯಲ್ಲಿ ತೆಗೆದ ‘ಫ್ಯಾಂಟಮ್’ ಎಂಬ ಚಿತ್ರ 65 ಲಕ್ಷ ಡಾಲರಿಗೆ ಮಾರಾಟವಾಯಿತೆಂದು 2014ರಲ್ಲಿ ಘೋಷಣೆಯಾಯಿತು. ಕೊಂಡವರ ಹೆಸರು ಗುಟ್ಟಾಗಿತ್ತು, ಹಲವರು ಹುಬ್ಬೇರಿಸಿದರು. ಕೆಂಪಿಗೆ ಹೆಸರಾದ ಕಣಿವೆಯ ಈ ಅತಿ ದುಬಾರಿ ಚಿತ್ರ ಇರುವುದು ಕಪ್ಪು-ಬಿಳುಪಿನಲ್ಲಿ.

ಇಲ್ಲಿ ಶಾಸ್ತ್ರದ ಧಾಟಿ ಸ್ವಲ್ಪ ಬದಿಗಿರಲಿ. 1997ರ ಆಗಸ್ಟ್ 12ರಂದು ಕೆಳಕಣಿವೆಯಲ್ಲಿ ದಿಢೀರ್ ಪ್ರವಾಹಕ್ಕೆ ಸಿಕ್ಕಿ 11 ಪ್ರವಾಸಿಗರು ಸತ್ತರು. ಮಳೆ ಜೋರಾಗಿ ಸುರಿದದ್ದು ಮೈಲಿಗಟ್ಟಲೆ ಮೇಲೆ. ಕಣಿವೆಯ ಬಳಿ ತೀರಾ ಕಡಿಮೆ. ಅಂದಿನ ಮರದ ಏಣಿಗಳು ಕೊಚ್ಚಿಹೋದವು. ಆಮೇಲೆ ಏಣಿಗಳನ್ನು ಬಂಡೆಗೆ ಬಿಗಿದರು, ಹವಾಮಾನದ ರೇಡಿಯೊ ಬಂತು, ಎಚ್ಚರಿಕೆಯ ಹಾರ್ನ್ ಬಂತು. ತಲೆಯ ಮೇಲೆ ಮೋಡದ ಚೂರೂ ಇಲ್ಲದ ದಿನ ಗೈಡ್ “ಇವತ್ತು ಟೂರ್ ಇಲ್ಲ” ಎಂದರೆ ಆ ಮಾತಿಗೆ ಭಾಷ್ಯ ಬೇಕಿಲ್ಲ.

ಉಳಿದದ್ದು ದಕ್ಷಿಣಾ ಪ್ರಕರಣ. ಟಿಪ್ ಶೇಕಡಾ 15 ಎಂಬುದು ಒಂದು ಪಂಥ, 20 ಎಂಬುದು ಇನ್ನೊಂದು. ಬುಡಕಟ್ಟು ಉದ್ಯಾನದ ಪ್ರವೇಶಶುಲ್ಕವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬಲ್ಲಿ ಪಂಥದೊಳಗೂ ಉಪಪಂಥಗಳಿವೆ. ಮಗ ಫೋನಿನಲ್ಲಿ ಭಾಗಾಕಾರ ಮಾಡುತ್ತಿರುವಾಗಲೇ ಅಪ್ಪ ಅದನ್ನು ರೂಪಾಯಿಗೆ ತಿರುಗಿಸಿ ಮೌನಿಯಾಗುತ್ತಾರೆ. ಅಷ್ಟರಲ್ಲಿ ಅಮ್ಮ ಪರ್ಸ್ ತೆಗೆದು ನೋಟೊಂದನ್ನು ಗೈಡಿನ ಕೈಗಿಟ್ಟಿರುತ್ತಾರೆ, ಜೊತೆಗೆ ಕಾರಿನಿಂದ ತಂದ ಎರಡು ಚಕ್ಕುಲಿ.