ಸೊಸೆಗೆ 144 ಹರ್ಟ್ಸ್

(ಬೆಂಗಳೂರಿನ ವಿಜಯನಗರದ ಹಂಪಿನಗರದಲ್ಲೊಂದು ಮನೆ. ಸಂಜೆ. ಕೆ.ಇ.ಬಿ.ಗೆ ಸೇರಿ ಬೆಸ್ಕಾಂನಿಂದ ನಿವೃತ್ತರಾದ ರಂಗಸ್ವಾಮಿ ಟಿ.ವಿ. ಮುಂದೆ ಕೂತಿದ್ದಾರೆ. ಮಗ ಗಿರೀಶ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳ ಮೂರು ಕೊಟೇಶನ್ ಹಿಡಿದು ಕಳ್ಳಹೆಜ್ಜೆಯಲ್ಲಿ ಬರುತ್ತಾನೆ.)

ಗಿರೀಶ: ಅಪ್ಪ, ಒಂದು ವಿಷಯ. ಮೆಲ್ಲಗೆ ಮಾತಾಡಿ, ಸುಷ್ಮಾ ಒಳಗಿದ್ದಾಳೆ.

ರಂಗಸ್ವಾಮಿ: (ಬೀದಿಗೆ ಕೇಳುವಂತೆ) ಏನೋ ಅದು ಗುಟ್ಟು?

ಗಿರೀಶ: ಇದು ಮೆಲ್ಲಗಾ?

ರಂಗಸ್ವಾಮಿ: ಕಂಬದ ಮೇಲಿರೋ ಲೈನ್‌ಮನ್‌ಗೆ ಕೆಳಗಿಂದ ಕೂಗಿ ಕೂಗಿ ಪಳಗಿದ ಗಂಟಲು ಕಣೋ. ಇದಕ್ಕಿಂತ ಇಳಿಯಲ್ಲ. ಹೇಳು.

ಗಿರೀಶ: ಮುಂದಿನ ವಾರ ನಮ್ಮ ಮದುವೆ ದಿನ. ಅವಳಿಗೊಂದು ಗೇಮಿಂಗ್ ಕಂಪ್ಯೂಟರ್ ಕೊಡಿಸೋಣ ಅಂತ.

ರಂಗಸ್ವಾಮಿ: ಅವಳ ಹೆಸರು ಹೇಳ್ಕೊಂಡು ನೀನು ಆಡೋಕಾ?

ಗಿರೀಶ: ನನಗೆ ಹಾವು-ಏಣಿ ಆಟವೇ ನೆಟ್ಟಗೆ ಬರಲ್ಲ. ಆಡೋಳು ಅವಳೇ. ರಾತ್ರಿ ಹಳೇ ಲ್ಯಾಪ್‌ಟಾಪಲ್ಲಿ ವ್ಯಾಲೊರಂಟ್ ಆಡ್ತಾಳಲ್ಲ, ಅದರ ಫ್ಯಾನು ಬೊಬ್ಬೆ ಹೊಡೆಯುತ್ತೆ.

ರಂಗಸ್ವಾಮಿ: ಆ ಸದ್ದು ಲ್ಯಾಪ್‌ಟಾಪಿಂದಾ? ಅಯ್ಯೋ, ಪಕ್ಕದ ಮನೆಯವರ ಬೋರ್‌ವೆಲ್ ಮೋಟರು ಅಂತ ನಾನು ಅವರ ಹತ್ರ ಜಗಳ ಆಡಿ ಮಾತು ಬಿಟ್ಟಿದೀನಲ್ಲೋ! ಅದಿರಲಿ, ಆನ್‌ಲೈನ್ ಗೇಮನ್ನ ಸರ್ಕಾರವೇ ನಿಷೇಧ ಮಾಡಿದೆಯಲ್ಲ?

ಗಿರೀಶ: ಅದು ದುಡ್ಡು ಕಟ್ಟಿ ಆಡೋ ಆಟಗಳನ್ನ, 2025ರ ಆಗಸ್ಟ್‌ನಲ್ಲಿ. ಇ-ಸ್ಪೋರ್ಟ್ಸ್‌ಗೆ ಅದೇ ಕಾಯ್ದೆ ಮಾನ್ಯತೆ ಕೊಟ್ಟಿದೆ. ಇವಳು ಒಂದು ಪೈಸೆನೂ ಕಟ್ಟಲ್ಲ, ಬರೀ ಎದುರಾಳಿಗಳನ್ನ ಸುಡ್ತಾಳೆ.

ರಂಗಸ್ವಾಮಿ: ಸುಟ್ಟುಕೊಳ್ಳಲಿ. ಯೂನಿಟ್ ಎಷ್ಟು ಸುಡುತ್ತೆ, ಅದು ಹೇಳು. (ಕನ್ನಡಕ ಹಾಕಿಕೊಂಡು ಮೊದಲ ಕೊಟೇಶನ್ ಓದುತ್ತಾರೆ.) ಐ7 ಪ್ರೊಸೆಸರ್, 32 ಜಿಬಿ ರ‍್ಯಾಮ್, ಗಾಜಿನ ಕ್ಯಾಬಿನೆಟ್, ಬಣ್ಣಬಣ್ಣದ ಲೈಟಿರೋ ಫ್ಯಾನು ಆರು. ಲೋ, 1905ರಲ್ಲಿ ಬೆಂಗಳೂರಿಗೆ ಮೊದಲ ಸಲ ಕರೆಂಟು ಬಂದಾಗಲೂ ಇಷ್ಟು ದೀಪ ಹಚ್ಚಿರಲಿಲ್ಲ. ಇವೆಲ್ಲ ಏನು ಕೆಲಸ ಮಾಡ್ತವೆ?

ಗಿರೀಶ: ಹೊಳೀತವೆ.

ರಂಗಸ್ವಾಮಿ: ಹೊಳೀಲಿ, ಕೆಲಸ?

ಗಿರೀಶ: ಅಷ್ಟೇ. ಆಟದ ಭಾರ ಹೊರೋದು ಗ್ರಾಫಿಕ್ಸ್ ಕಾರ್ಡು. ಐ7 ಅಂತ ದಪ್ಪಕ್ಷರದಲ್ಲಿ ಬರೆದು, ಕಾರ್ಡು ಮಾತ್ರ ಹಳೇ 4 ಜಿಬಿದು ಹಾಕಿದಾನೆ. ಅದಕ್ಕೇ ಇದು ಬೇಡ.

ರಂಗಸ್ವಾಮಿ: ಬೇಡ ಅನ್ನೋಕೆ ನನ್ನ ಹತ್ರ ಬೇರೆ ಕಾರಣ ಇದೆ. ಒಳಗೆ ಕರೆಂಟು ಕೊಡೋ ಎಸ್.ಎಂ.ಪಿ.ಎಸ್. 650 ವ್ಯಾಟ್ ಅಂತಿದೆ. ಯಾರು ಮಾಡಿದ್ದು? ಹೆಸರೇ ಇಲ್ಲ! ಹೆಸರಿಲ್ಲದ ಟ್ರಾನ್ಸ್‌ಫಾರ್ಮರನ್ನ ನಾನು ಯಾವತ್ತೂ ಕಂಬ ಹತ್ತಿಸಿದೋನಲ್ಲ. ಅದು ಕೆಟ್ಟರೆ ಒಂದೇ ಹೋಗಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಜೊತೆಗೆ ಕರ್ಕೊಂಡು ಹೋಗುತ್ತೆ. ಎರಡನೇದು ತಾ.

ಗಿರೀಶ: ಇದು ತುಂಬಾ ಅಗ್ಗ. ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತಂತೆ.

ರಂಗಸ್ವಾಮಿ: ಬಿಲ್ಲಿಲ್ಲದೆ ವಾರಂಟಿ ಯಾರು ಕೊಡ್ತಾರೆ, ಮಾರುತಿ ಮಂದಿರದ ಆಂಜನೇಯನಾ? ಕಾರ್ಡಿಗೆ ಎಷ್ಟು ವರ್ಷ?

ಗಿರೀಶ: ಹೆಚ್ಚಿನವಕ್ಕೆ 3 ವರ್ಷ.

ರಂಗಸ್ವಾಮಿ: ಹರಿದು ಹಾಕು. ಮೂರನೇದು?

ಗಿರೀಶ: ಇದೇ ಸರಿ ಅನ್ಸುತ್ತೆ. ರೈಜನ್ 5 7600, ಆರ್‌ಟಿಎಕ್ಸ್ 5060 ಕಾರ್ಡು, 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ. ಬೇಗ ನಿರ್ಧಾರ ಮಾಡ್ಬೇಕು, ಈ ರೇಟು ಇವತ್ತಿಗಷ್ಟೇ ಅಂದ. ಎಐ ಕಂಪನಿಗಳು ಮೆಮರಿ ಚಿಪ್ಪನ್ನೆಲ್ಲ ಬಾಚ್ಕೊಂಡು, 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿಬಿಟ್ಟಿದೆ.

ರಂಗಸ್ವಾಮಿ: 1 ಟಿಬಿ ಯಾಕೆ? ಮನೆಲಿರೋದು ನಾಲ್ಕು ಫೋಟೊ.

ಗಿರೀಶ: ಅವಳಿಗೆ ರೆಡ್ ಡೆಡ್ ರಿಡೆಂಪ್ಷನ್ 2 ಆಡೋ ಆಸೆ. ಕುದುರೆ ಸವಾರಿ ಆಟ. ಅದೊಂದಕ್ಕೇ 150 ಜಿಬಿ ಜಾಗ ಬೇಕು.

ರಂಗಸ್ವಾಮಿ: ನಮ್ಮ ಸ್ಕೂಟರ್ ನಿಲ್ಸೋಕೆ ಜಾಗ ಇಲ್ಲ, ಇವಳ ಕುದುರೆಗೆ 150 ಜಿಬಿ ಲಾಯ! ಸರಿ, ಲೋಡ್ ಹೇಳು.

ಗಿರೀಶ: ಕಾರ್ಡು 145 ವ್ಯಾಟು, ಪ್ರೊಸೆಸರು 65. ಉಳಿದಿದ್ದೆಲ್ಲ ಸೇರಿ ಒಳಗಡೆ 270 ಅಂತಿಟ್ಕೊಳ್ಳಿ. ಎಸ್.ಎಂ.ಪಿ.ಎಸ್. 80 ಪ್ಲಸ್ ಬ್ರಾಂಜ್. ಅರ್ಧ ಲೋಡಿನಲ್ಲಿ ಕ್ಷಮತೆ 85 ಪರ್ಸೆಂಟ್.

ರಂಗಸ್ವಾಮಿ: (ಮುಖ ಅರಳುತ್ತದೆ) ಕ್ಷಮತೆ ಬರೆದಿದಾನಾ? ಮರ್ಯಾದಸ್ಥ. ಅಂದ್ರೆ ಗೋಡೆಯಿಂದ 318, ಮಾನಿಟರ್ 30, ಒಟ್ಟು 350. ದಿನಕ್ಕೆ ಮೂರು ಗಂಟೆ, ತಿಂಗಳಿಗೆ 31.5 ಯೂನಿಟ್. ಈಗ ಕೇಳು ಗೃಹಜ್ಯೋತಿ ಲೆಕ್ಕ. ನಮ್ಮ ಸರಾಸರಿ 150, ಅದಕ್ಕೆ 10 ಪರ್ಸೆಂಟ್ ಸೇರಿಸಿ 165ರವರೆಗೆ ಪುಕ್ಕಟೆ. ಈಗ ಸುಡ್ತಿರೋದು 160. ನಿನ್ನ ಡಬ್ಬ ಬಂದ್ರೆ 191.5. ಹೆಚ್ಚಾದ 26.5 ಯೂನಿಟ್‌ಗೆ ದುಡ್ಡು ಕಟ್ಬೇಕು. 200 ದಾಟಿದ್ರೆ ಪೂರ್ತಿ ಬಿಲ್ಲು! ನಡುವೆ ಇರೋದು ಎಂಟೂವರೆ ಯೂನಿಟ್. ಇಸ್ತ್ರಿ ಪೆಟ್ಟಿಗೆ ಮುಟ್ಟೋ ಹಾಗಿಲ್ಲ.

ಗಿರೀಶ: ಬಟ್ಟೆ ಮುದುರಿದ್ರೂ ಪರವಾಗಿಲ್ಲ. ಮಾನಿಟರ್ 144 ಹರ್ಟ್ಸ್‌ದು ತಗೋತಿದೀನಿ.

ರಂಗಸ್ವಾಮಿ: (ಎದ್ದು ನಿಂತು) ಎಷ್ಟು?

ಗಿರೀಶ: 144.

ರಂಗಸ್ವಾಮಿ: ಇಡೀ ಭಾರತ ಓಡ್ತಿರೋದು 50ರಲ್ಲಿ ಕಣೋ! ಗ್ರಿಡ್ 49.90ರಿಂದ 50.05ರೊಳಗೆ ಇರ್ಬೇಕು. ಕೂದಲೆಳೆ ಆಚೀಚೆ ಆದ್ರೆ ಫೋನುಗಳು ಬಡ್ಕೊಳ್ಳೋವು. 2012ರ ಜುಲೈಲಿ ಗ್ರಿಡ್ ಬಿದ್ದು ಉತ್ತರ ಭಾರತ ಕತ್ತಲಾಯ್ತು. ನಮ್ಮ ದಕ್ಷಿಣದ್ದು ಆಗ ಬೇರೆ ಗ್ರಿಡ್, ಬಚಾವಾದ್ವಿ. ಈಗ ಎಲ್ಲ ಒಂದೇ. ಇವಳೊಬ್ಬಳಿಗೆ 144 ಕೊಟ್ಟು ದೇಶ ಮಲಗಿಸ್ತೀಯಾ?

ಗಿರೀಶ: ಅಪ್ಪ, ಅದು ಕರೆಂಟಿನ ಹರ್ಟ್ಸ್ ಅಲ್ಲ. ಪರದೆ ಮೇಲೆ ಸೆಕೆಂಡಿಗೆ 144 ಸಲ ಚಿತ್ರ ಹೊಸದಾಗುತ್ತೆ. ವ್ಯಾಲೊರಂಟಲ್ಲಿ ಗೋಡೆ ಹಿಂದಿಂದ ಬರೋನು ಅಷ್ಟು ಬೇಗ ಕಾಣ್ತಾನೆ.

ಸುಷ್ಮಾ: (ಕಾಫಿ ತಟ್ಟೆ ಹಿಡಿದು ಬರುತ್ತಾ) ಕೇಬಲ್ಲನ್ನ ಮದರ್‌ಬೋರ್ಡಿಗೆ ಚುಚ್ಚದೆ ಕಾರ್ಡಿಗೆ ಚುಚ್ಚಿ, ವಿಂಡೋಸ್‌ನಲ್ಲಿ 144 ಅಂತ ಬದಲಾಯಿಸಿದ್ರೆ ಮಾತ್ರ. ಇಲ್ದಿದ್ರೆ 60ರಲ್ಲೇ ಓಡ್ತಿರುತ್ತೆ.

ಗಿರೀಶ: ನೀ... ನೀನು ಯಾವಾಗಿಂದ ಕೇಳ್ತಿದೀಯಾ?

ಸುಷ್ಮಾ: "ಏನೋ ಅದು ಗುಟ್ಟು" ಅಂದಾಗಿಂದ. ಎದುರು ಮನೆ ಆಂಟಿ ಆಗಲೇ ಫೋನ್ ಮಾಡಿ ಕಂಗ್ರಾಜುಲೇಷನ್ಸ್ ಅಂದ್ರು.

ರಂಗಸ್ವಾಮಿ: ನಾನಂತೂ ಪಿಸುಗುಟ್ಟುತ್ತಿದ್ದೆ.

ಸುಷ್ಮಾ: ರೀ, ಕೊಟೇಶನ್ ಚೆನ್ನಾಗಿದೆ. ಆದ್ರೆ ಇಂಥದ್ದನ್ನ ಕದ್ದುಮುಚ್ಚಿ ತರಬೇಡಿ. ಇದರ ಕ್ಯಾಬಿನೆಟ್ ತೆಗೆದು ಗಾಳಿಯಾಡೋದು ಹಾಕಿಸ್ತೀನಿ, ಉಳಿದ ದುಡ್ಡಿಗೆ ಒಳ್ಳೇ ಮಾನಿಟರ್. ನಾಲ್ಕಂಗಡಿ ಹತ್ತಿಳಿದು, ಇದು ಬೇಡ ಅದು ಕೊಡಿ ಅಂತ ಆರಿಸೋದ್ರಲ್ಲೇ ಅರ್ಧ ಉಡುಗೊರೆ ಇದೆ. ಶನಿವಾರ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದ್ರೆ ಮುಂದಿನ ಸ್ಟೇಷನ್ನೇ ಚಿಕ್ಕಪೇಟೆ, ಅಲ್ಲಿಂದ ಎಸ್.ಪಿ. ರೋಡು.

ರಂಗಸ್ವಾಮಿ: ಅದೆಲ್ಲ ಸರಿ ಕಣಮ್ಮ, ಎಂಟೂವರೆ ಯೂನಿಟ್?

ಸುಷ್ಮಾ: ಮಾವ, ನಿಮ್ಮ ಟಿ.ವಿ. ಎಷ್ಟು ವ್ಯಾಟು?

ರಂಗಸ್ವಾಮಿ: (ಹೆಮ್ಮೆಯಿಂದ) 43 ಇಂಚು, ಬರೀ 80.

ಸುಷ್ಮಾ: ಬೆಳಗ್ಗೆ ಐದಕ್ಕೆ ಹಾಕ್ತೀರ, ರಾತ್ರಿ ಹತ್ತಕ್ಕೆ ಆರಿಸ್ತೀರ.

ರಂಗಸ್ವಾಮಿ: (ಅಭ್ಯಾಸಬಲದಿಂದ) 80 ಇಂಟು 17 ಇಂಟು 30... 40.8 ಯೂನಿ... (ನಿಲ್ಲಿಸುತ್ತಾರೆ.)

ಗಿರೀಶ: ಕಂಪ್ಯೂಟರಿಗಿಂತ ಒಂಬತ್ತು ಯೂನಿಟ್ ಜಾಸ್ತಿ!

ರಂಗಸ್ವಾಮಿ: ಅದು ನ್ಯೂಸು ಕಣೋ. ದೇಶದ ವಿಚಾರ.

ಸುಷ್ಮಾ: ಮಧ್ಯಾಹ್ನ ಒಂದರಿಂದ ನಾಲ್ಕು ನೀವು ಗೊರಕೆ ಹೊಡೀತಿರ್ತೀರ, ದೇಶ ಒಂದೇ ಮಾತಾಡ್ತಿರುತ್ತೆ. ಆ ಮೂರು ಗಂಟೆ ಆಫ್ ಮಾಡಿ ಸಾಕು.

ರಂಗಸ್ವಾಮಿ: 7.2 ಯೂನಿಟ್ ಉಳಿತಾಯ. (ನಿಟ್ಟುಸಿರಿಟ್ಟು) ಲೋಡ್ ಮಂಜೂರಾಗಿದೆ. ಬಿಲ್ಲು ಸೊಸೆ ಹೆಸರಿಗೆ, ಪ್ಲಗ್ಗಿಗೆ ಅರ್ಥಿಂಗ್ ನಾನೇ ನೋಡ್ತೀನಿ. ಅರ್ಥ್ ಸರಿಯಿಲ್ದಿದ್ರೆ ಕಬ್ಬಿಣದ ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅನ್ನುತ್ತೆ. ಅಂದ ಹಾಗೆ, ಆ ಕುದುರೆ ಆಟ ಯಾವ ಕಾಲದ್ದಮ್ಮ?

ಸುಷ್ಮಾ: 1899ರ ಅಮೆರಿಕ. ಬಯಲು, ರೈಲು, ಸಾಲಾಗಿ ಟೆಲಿಗ್ರಾಫ್ ಕಂಬ.

ರಂಗಸ್ವಾಮಿ: ಕಂಬ ಇದೆಯಾ! ನಮ್ಮ ಶಿವನಸಮುದ್ರದಿಂದ ಕೋಲಾರದ ಗಣಿಗೆ ಲೈನ್ ಎಳೆದಿದ್ದು 1902ರಲ್ಲಿ. ಅದಕ್ಕಿಂತ ಮೂರು ವರ್ಷ ಮುಂಚಿನ ಕಂಬ. ಇನ್ಸುಲೇಟರ್ ಸರಿಯಾಗಿ ಕೂರಿಸಿದಾರಾ ಅಂತ ನೋಡ್ಬೇಕಲ್ಲ. ಮಧ್ಯಾಹ್ನ ಹೇಗೂ ಟಿ.ವಿ. ಇಲ್ಲ. ಒಂದರಿಂದ ನಾಲ್ಕು ನಾನು ಕುದುರೆ ಮೇಲೆ ಲೈನ್ ಇನ್‌ಸ್ಪೆಕ್ಷನ್ ಮಾಡ್ತೀನಿ.

ಗಿರೀಶ: ಅಪ್ಪ! ಆ ಮೂರು ಗಂಟೆಗೆ ಇನ್ನೊಂದು 31.5 ಯೂನಿಟ್. 200 ದಾಟುತ್ತೆ, ಪೂರ್ತಿ ಬಿಲ್ಲು!

ರಂಗಸ್ವಾಮಿ: ದಾಟಲಿ ಬಿಡೋ. ಕಟ್ಟೋನು ನೀನು ತಾನೆ?