ಮಾಂಟೆಸ್ಸರಿ ಪ್ರದಕ್ಷಿಣೆ

ಕಸ ಗುಡಿಸುವುದನ್ನು ನಾನು ದುಡ್ಡು ಕೊಟ್ಟು ಕಲಿತವಳು. ಅದೂ ಡೇರಿಯ ದುಡ್ಡು. ಬೂಕನಕೆರೆಯ ನಮ್ಮ ಕೊಟ್ಟಿಗೆಯ ಎರಡು ಸೀಮೆಹಸುಗಳ ಹಾಲು ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮೈಸೂರಿನವರೆಗೆ ಹರಿದು, ಅಲ್ಲಿ ಒಂದು ಮಾಂಟೆಸ್ಸರಿ ತರಬೇತಿ ಕೇಂದ್ರದ ಫೀಸಾಗಿ ಇಂಗಿಹೋಯಿತು. ಮಗಳು ಕಾಲೇಜು ಸೇರಿದ ವರ್ಷ ತಾಯಿ ಬ್ಯಾಗು ಹೊತ್ತು ಕ್ಲಾಸಿಗೆ ಹೊರಟರೆ ಊರಿನವರು ಏನೆಂದಾರು? ಅಂದರು. ಅದನ್ನು ಬಿಡಿ.

ಏನು ಕಲಿಸುತ್ತಾರೆ ಎಂದು ಅತ್ತೆ ಕೇಳಿದರು. ಪಟ್ಟಿ ಓದಿದೆ. ಜಗ್ಗಿನಿಂದ ಜಗ್ಗಿಗೆ ಕಾಳು ಸುರಿಯುವುದು, ಆಮೇಲೆ ನೀರು ಸುರಿಯುವುದು, ಬಟ್ಟೆ ಮಡಿಸುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಚಾಪೆ ಸುತ್ತುವುದು, ಕುರ್ಚಿಯನ್ನು ಸದ್ದಾಗದಂತೆ ಇಡುವುದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು, ಕಸವನ್ನೆಲ್ಲ ಅದರೊಳಕ್ಕೆ ಗುಡಿಸಿ ತಂದು ಆಮೇಲೆ ಎತ್ತುವುದು.

“ಇದ್ಕೆಲ್ಲ ಸರ್ಟಿಫಿಕೇಟ್ ಕೊಟ್ಟಾರಾ?”

“ಕೊಡ್ತಾರೆ ಅತ್ತೆ.”

“ಅಂಗಾರೆ ನಂಗೆ ಎಷ್ಟು ಕೊಡ್ಬೇಕಾಯ್ತದೆ ಅಂತ ಒಸಿ ಕೇಳ್ಕಂಡ್ ಬಾ.”

ನನಗೆ ಕೆಲಸವೇನೂ ಕಷ್ಟವಾಗಲಿಲ್ಲ. ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ನಡೆಯುವ ಅಭ್ಯಾಸ ಬಂದ ದಿನ ಜಯಲಕ್ಷ್ಮೀಪುರಂ, ಕುವೆಂಪುನಗರದ ಸಹಪಾಠಿಗಳ ಬುಟ್ಟಿಗಳೆಲ್ಲ ನೆಲ ಕಂಡವು. ನಾನು ಕೈಬಿಟ್ಟು ನಡೆದೆ, ತಿರುಗಿದೆ, ನಡುವೆ ಜಡೆಯನ್ನೂ ಸರಿಮಾಡಿಕೊಂಡೆ. ಹುಲ್ಲಿನ ಹೊರೆ ಹೊತ್ತ ತಲೆ ಅದು. ಮೇಡಂ ಚಪ್ಪಾಳೆ ತಟ್ಟಿದ್ದು ಅವತ್ತು ಮಾತ್ರ. ಕಷ್ಟವಾದದ್ದು ಬಾಯಿ. ಮಗುವಿಗೆ ಮಾಡಿ ತೋರಿಸುವಾಗ ಕೈ ಆಡಬೇಕು, ಬಾಯಿ ಆಡಬಾರದು. ಎರಡೂ ಒಟ್ಟಿಗೆ ಆಡಿದರೆ ಮಗು ಕೈ ನೋಡುವುದು ಬಿಟ್ಟು ಮುಖ ನೋಡುತ್ತದಂತೆ. ಸರಿಯೇ. ಆದರೆ ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ಹೆಂಗಸಿಗೆ ಮಾತಿಲ್ಲದೆ ಒಂದು ಜಗ್ಗು ರಾಗಿ ಸುರಿ ಎನ್ನುವುದು ಶಿಕ್ಷಣವಲ್ಲ, ಶಿಕ್ಷೆ.

ಇನ್ನು ಗೆರೆಯ ಮೇಲಿನ ನಡಿಗೆ. ನೆಲದ ಮೇಲೆ ಮೊಟ್ಟೆಯಾಕಾರದ ದೊಡ್ಡ ಗೆರೆ. ಅದರ ಮೇಲೆ ಹಿಮ್ಮಡಿಗೆ ಮುಂಗಾಲು ತಾಗಿಸಿ ಹೆಜ್ಜೆ ಹೆಜ್ಜೆಯಾಗಿ ನಡೆಯಬೇಕು. ಅದು ಕೈಗೂಡಿದ ಮೇಲೆ ಒಂದು ಕೈಯಲ್ಲಿ ಬಣ್ಣದ ನೀರು ತುಂಬಿದ ಲೋಟ, ತುಳುಕಬಾರದು. ಇನ್ನೊಮ್ಮೆ ಗಂಟೆ, ಅದು ಸದ್ದು ಮಾಡಬಾರದು. ಮಗುವಿಗೆ ತನ್ನ ಮೈಯ ಹಿಡಿತ ತನಗೇ ಸಿಗಲಿ ಎಂಬ ಉದ್ದೇಶ. ಮನೆಯಲ್ಲಿ ಅಭ್ಯಾಸ ಮಾಡಿ ಬನ್ನಿ ಎಂದರು ಮೇಡಂ. ಮಾಡಿದೆ.

ಸಂಜೆ, ದೀಪ ಹಚ್ಚುವ ಹೊತ್ತು. ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಪುಡಿಯಲ್ಲಿ ಗೆರೆ ಎಳೆದೆ. ನೀರಿಗೆ ಬಣ್ಣ ಬೇಕಲ್ಲ, ಕುಂಕುಮ ಹಾಕಿದೆ. ಗಂಟೆ ದೇವರ ಮನೆಯದು. ತಲೆಗೆ ಆಗಷ್ಟೇ ಸ್ನಾನ ಮಾಡಿದ್ದೆ, ಕೂದಲು ಬಿಚ್ಚಿತ್ತು. ಆ ದಿನ ಮಂಗಳವಾರ. ಓದುಗರಿಗೆ ಇಷ್ಟು ಸಾಕು, ಊರಿಗೂ ಸಾಕಾಯಿತು.

ಲೋಟದ ಮೇಲೆ ಕಣ್ಣು ನೆಟ್ಟು ಅರ್ಧ ಸುತ್ತು ಬರುವಷ್ಟರಲ್ಲಿ ಎದುರು ಮನೆಯ ದೊಡ್ಡವ್ವ ಜಗುಲಿ ಇಳಿದು ಬಂದು ನಿಂತರು. “ಯಾವ್ ದೇವ್ರು ಹರ್ಕೆ ಕಣವ್ವಾ?” ಮಾತಾಡುವಂತಿಲ್ಲವಲ್ಲ, ನಾನು ಮುಂದಿನ ಹೆಜ್ಜೆ ಇಟ್ಟೆ. “ಮೌನ ಕಣಮ್ಮಿ, ಮಾತಾಡ್ಸ್‌ಬ್ಯಾಡ,” ಎಂದು ಪಕ್ಕದವರು ಅವರ ಸೆರಗು ಜಗ್ಗಿದರು. ಎರಡನೆಯ ಸುತ್ತಿಗೆ ಅಂಗಳದ ತುದಿಯಲ್ಲಿ ಚಪ್ಪಲಿಗಳು ಸಾಲುಗಟ್ಟಿದ್ದವು. ಗೋಗಲಮ್ಮನ ಗುಡಿಗೆ ಹೊರಟಿದ್ದ ಇಬ್ಬರು ಅಲ್ಲಿಗೆ ಹೋಗುವ ಬದಲು ಇಲ್ಲೇ ಊದುಬತ್ತಿ ಹಚ್ಚಿದರು. ಅದರ ಹೊಗೆ ನೇರ ನನ್ನ ಮೂಗಿಗೆ. ಸೀನು ಬಂತು. ಸೀನಿದರೆ ನೀರು ತುಳುಕುತ್ತದೆ, ನೀರು ತುಳುಕಿದರೆ ಮೊದಲಿಂದ ಶುರು. ಹಲ್ಲು ಕಚ್ಚಿ, ಕಣ್ಣು ಮೇಲೆ ಮಾಡಿ ತಡೆದೆ. “ಬಂತು, ಬಂತು,” ಎಂದು ಯಾರೋ ಪಿಸುಗುಟ್ಟಿದರು.

ದೊಡ್ಡವ್ವ ಕೈಮುಗಿದೇ ಬಿಟ್ಟರು. “ನಮ್ ಮೊಮ್ಮಗಳ ಮದ್ವೆ ಈ ವರ್ಸ ಆಯ್ತದಾ ತಾಯಿ? ಆಗಂಗಿದ್ರೆ ಒಂದ್ ಸೂಚ್ನೆ ಕೊಡು.” ನಾನು ಲೋಟ ಕೆಳಗಿಟ್ಟು ಗಂಟೆ ಎತ್ತಿಕೊಂಡೆ, ಪಾಠದ ಮುಂದಿನ ಹಂತವೇ ಅದು. ಜನ ಉಸಿರು ಬಿಗಿಹಿಡಿದರು. ಗಂಟೆಯ ನಾಲಿಗೆ ಅಲುಗದಂತೆ ಮುಕ್ಕಾಲು ಸುತ್ತು ಬಂದೆ, ನನ್ನ ಜೀವಮಾನದ ಅತ್ಯುತ್ತಮ ಮುಕ್ಕಾಲು ಸುತ್ತು. ಆಗ ಒಳಗಿನಿಂದ ಅತ್ತೆ, “ಹಾಲು ಉಕ್ತಾ ಅದೆ, ಎಲ್ ಹಾಳಾಗ್ ಹೋದೆ?” ಎಂದು ಕೂಗಿದರು. ಗಂಟೆ ಢಣ್ಣೆಂದಿತು. ದೊಡ್ಡವ್ವನ ಕಣ್ಣಲ್ಲಿ ನೀರು. ಮರುದಿನ ನಮ್ಮ ಮನೆಗೆ ಬಾಳೆಗೊನೆ ಬಂತು. ನನ್ನ ವಿವರಣೆಯನ್ನು ಇವತ್ತಿಗೂ ಯಾರೂ ಕೇಳಿಸಿಕೊಂಡಿಲ್ಲ, ಯಾಕೆಂದರೆ ಆ ಹುಡುಗಿಯ ಮದುವೆ ಆಯಿತು.

ಆದರೆ ಹೇಳಬೇಕಾದದ್ದು ಬೇರೆ. ಹಾಲು ಇಳಿಸಿ ಹೊರಗೆ ಬಂದಾಗ ದೊಡ್ಡವರೆಲ್ಲ ಕುಂಕುಮ ಹಚ್ಚಿಕೊಂಡು ಹೋಗಿದ್ದರು. ಅವರ ಜೊತೆ ಬಂದಿದ್ದ ಹೈಕಳು ಉಳಿದಿದ್ದವು. ಯಾರೂ ಹೇಳಿಕೊಟ್ಟಿರಲಿಲ್ಲ. ಒಂದರ ಹಿಂದೊಂದು, ಹಿಮ್ಮಡಿಗೆ ಬೆರಳು ತಾಗಿಸಿ, ತುಟಿ ಬಿಗಿದು ಗೆರೆಯ ಮೇಲೆ ನಡೆಯುತ್ತಿದ್ದವು. ನಮ್ಮ ಕೇರಿಯ ಅತಿ ದೊಡ್ಡ ಗಲಾಟೆ ಹೈದ ಗಂಟೆ ಹಿಡಿದಿದ್ದ. ಗಂಟೆ ಸದ್ದು ಮಾಡಲಿಲ್ಲ.

1907ರ ಜನವರಿ 6ರಂದು ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮರಿಯಾ ಮಾಂಟೆಸ್ಸರಿ ಮೊದಲ ಮಕ್ಕಳ ಮನೆ ತೆರೆದಾಗ ಬಂದದ್ದೂ ಇಂಥವೇ, ಅಪ್ಪ ಅಮ್ಮ ಕೂಲಿಗೆ ಹೋದ ಮಕ್ಕಳು. ಡಾಕ್ಟರು ಆಕೆ. 1939ರಲ್ಲಿ ಥಿಯಾಸಫಿಕಲ್ ಸೊಸೈಟಿಯವರು ಕರೆದರೆಂದು ಮದ್ರಾಸಿಗೆ ಬಂದರು. ಇಟಲಿ ಯುದ್ಧಕ್ಕಿಳಿಯಿತು, ಅಲ್ಲಿಯವರೆಲ್ಲ ಬ್ರಿಟಿಷರಿಗೆ ಶತ್ರುಗಳಾದರು, ಮಗ ಮಾರಿಯೋನನ್ನು ಹಿಡಿದು ಕೂಡಿಹಾಕಿದರು. ತಾಯಿಯ 70ನೇ ಹುಟ್ಟುಹಬ್ಬದ ದಿನ, 1940ರ ಆಗಸ್ಟ್ 31ಕ್ಕೆ, ಬಿಟ್ಟರು. ಆಕೆ ಅಡ್ಯಾರು, ಕೊಡೈಕೆನಾಲು ಎಂದು ಪಾಠ ಹೇಳಿಕೊಂಡು 1946ರವರೆಗೆ ಇಲ್ಲೇ ಉಳಿದರು. ಇಷ್ಟೆಲ್ಲ ಕೇಳಿ ಅತ್ತೆ ಹೇಳಿದ್ದು ಒಂದೇ: “ಮಗನ್ನ ಬುಟ್ರಲ್ಲ, ಸದ್ಯ.”

ಆ ಬಡವರ ಕೇರಿಯ ಪದ್ಧತಿ ಇವತ್ತು ಯಾರ ಪಾಲಾಗಿದೆ? ಕೆ.ಆರ್.ಪೇಟೆ, ನಾಗಮಂಗಲದ ರಸ್ತೆಗಳಲ್ಲಿ ಮಿಕ್ಕಿಮೌಸ್ ಬರೆದ ಗೋಡೆ ಕಂಡರೆ ಮೇಲೆ ‘ಮಾಂಟೆಸ್ಸರಿ’ ಎಂದಿದೆ ಎಂದೇ ಲೆಕ್ಕ. ಒಳಗೆ ಬೆಂಚು, ಬೆತ್ತ, ಮೂರು ವರ್ಷದ ಕೂಸಿಗೆ ನಾಲ್ಕು ಗೆರೆ ಕಾಪಿ. ಆ ಹೆಸರಿಗೆ ಯಾರೂ ಹಕ್ಕುದಾರರಿಲ್ಲ, ಯಾರು ಬೇಕಾದರೂ ಬರೆಸಿಕೊಳ್ಳಬಹುದು. ಬರೆಸಿಕೊಳ್ಳಲಿ, ಬೆತ್ತವನ್ನಾದರೂ ಅಡಗಿಸಿಡಬಾರದೇ?

ನನ್ನ ಉಪ್ಪುಕಾಗದದ ಅಕ್ಷರಗಳಿಗೆ ಬರುತ್ತೇನೆ. ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ಹಲಗೆಗೆ ಅಂಟಿಸಿದರೆ ಮಗು ಬೆರಳಾಡಿಸಿ ಅದರ ತಿರುವು ಕಲಿಯುತ್ತದೆ. ನಾನು ಕನ್ನಡದ 49ನ್ನೂ ಮಾಡಬೇಕು. ಹಾರ್ಡ್‌ವೇರ್ ಅಂಗಡಿಯವನು ಹಾಳೆ ಎಣಿಸುತ್ತಾ, “ಎಷ್ಟು ಬಾಗ್ಲು ಮೇಡಂ? ತೇಗವಾ, ಹೊನ್ನೆಯಾ?” ಎಂದ. ಅಕ್ಷರಕ್ಕೂ ಮೊದಲು ಒರಟು, ನುಣುಪಿನ ಹಲಗೆ. ಬೆರಳ ತುದಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಒರೆಸಿ, ಹಗುರಾಗಿ ಸವರಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲದ್ದರಿಂದ ಅತ್ತೆಯನ್ನು ಕೂರಿಸಿಕೊಂಡೆ. ಶಾಲೆಯ ಮೆಟ್ಟಿಲು ಹತ್ತದವರು ಅವರು.

“ಎಲ್ಡೂ ಒಂದೇ ಕಣಮ್ಮಿ,” ಎಂದರು.

ತಮಾಷೆಗೆ ಹೇಳುತ್ತಿದ್ದಾರೆಂದುಕೊಂಡೆ. ಅಲ್ಲ. ಕಳೆ ಕಿತ್ತು, ಕಬ್ಬಿನ ಸೋಗೆ ಎಳೆದು, ಬೆರಣಿ ತಟ್ಟಿದ ಆ ಬೆರಳ ತುದಿಗಳಿಗೆ ಉಪ್ಪುಕಾಗದವೂ ನುಣುಪೇ ಆಗಿತ್ತು. ಬಿಸಿನೀರು ತಂದಿಟ್ಟೆ. ಕೈ ಅದ್ದಿ ಕೂತು, “ಎಷ್ಟೊತ್ತು ನೆನೀಬೇಕು?” ಎಂದರು. ನಾನು ತರಬೇತಿಗೆಂದು ರಾತ್ರಿಗಟ್ಟಲೆ ಚಿತ್ರ ಬರೆದು ತುಂಬಿಸಿದ ಆಲ್ಬಂಗಳಲ್ಲಿ ಅದಕ್ಕೆ ಉತ್ತರವಿಲ್ಲ. ಅವೆಲ್ಲ ಮೂರು ವರ್ಷದ ಕೈಗೆ ಬರೆದವು. ಕೊನೆಗೆ ಕಿರುಬೆರಳಿಗೆ ಒರಟು ಹತ್ತಿತು. ಅದಕ್ಕೆ ಕೆಲಸ ಕಮ್ಮಿಯಲ್ಲವೇ? ಕಿರುಬೆರಳಲ್ಲೇ ‘ಅ’ ತಿದ್ದಿದರು, ತಿದ್ದಿ, “ಹೋಗು, ಕರೆಯೋ ಹೊತ್ತಾಯ್ತು,” ಎಂದು ಎದ್ದರು.

ಪರೀಕ್ಷೆ ಪಾಸಾಯಿತು. ಕೆಲಸವೂ ಸಿಕ್ಕಿತು, ಯಾವ ಶಾಲೆ ಎಂದು ಕೇಳಬೇಡಿ. ಊರು ಬೂಕನಕೆರೆ ಎಂದೊಡನೆ ಮ್ಯಾನೇಜರು “ಓ, ಯಡಿಯೂರಪ್ಪನವರ ಊರು!” ಎಂದು ಕುರ್ಚಿ ಕೊಟ್ಟರು, ಸಂಬಳ ಹೇಳುವಾಗ ಅದು ಮರೆತುಹೋಗಿತ್ತು. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗಿನ ಹತ್ತು ಘನಗಳ ಪಿಂಕ್ ಟವರ್ ಶಾಲೆಯಲ್ಲಿದೆ. ಆಫೀಸಿನ ಗಾಜಿನ ಬೀರುವಿನಲ್ಲಿದೆ, ಅಡ್ಮಿಷನ್ನಿಗೆ ಬಂದವರು ನೋಡಲಿ ಎಂದು. ಮಕ್ಕಳು ಮುಟ್ಟಿದರೆ ಬಣ್ಣ ಹೋಗುತ್ತದಂತೆ. ಬೀಗದ ಕೈ ಯಜಮಾನರ ಮನೆಯಲ್ಲಿ.

ಹಾಗಾಗಿ ನಾನೇ ಮನೆಯಿಂದ ಜಗ್ಗು, ಕಾಳು ಒಯ್ಯುತ್ತೇನೆ. ಕಡಲೆಬೀಜ ಕೇಳಿದರೆ ಅತ್ತೆ ಕೊಡುವುದಿಲ್ಲ, ಸುರಿಯೋ ಹೊತ್ತಿಗೆ ಅರ್ಧ ಹೊಟ್ಟೆ ಸೇರಿರುತ್ತದೆ ಎನ್ನುತ್ತಾರೆ. ಬೆಳಗ್ಗೆ ಪಾವಿನ ತಲೆ ಒರೆಸಿ ಒಂದು ಪಾವು ಹುರುಳಿ ಅಳೆದು ಕೊಡುತ್ತಾರೆ. ಸಂಜೆ ಅಳೆದೇ ಇಸಿದುಕೊಳ್ಳುತ್ತಾರೆ.