ಕವರ್ ಮಾವ

ಹೊಸಪೇಟೆಯ ಯಾವ ಓಣಿಗೆ ಹೋದರೂ ಕವರು ಹೊದ್ದ ಕಾರೊಂದು ಸಿಗುತ್ತದೆ. ಅದನ್ನು ಕಾಯುವ ಯಜಮಾನರೊಬ್ಬರೂ ಸಿಗುತ್ತಾರೆ. ನಮ್ಮ ಓಣಿಯ ಯಜಮಾನರಿಗೆ ಹುಡುಗರಿಟ್ಟ ಹೆಸರು ಕವರ್ ಮಾವ. ಸಂತೆಗೆ ಸ್ಕೂಟರು, ಬಸ್‌ಸ್ಟ್ಯಾಂಡಿಗೆ ಆಟೊ, ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್. ಹಾಗಾದರೆ ಕಾರು ಯಾಕೆ? "ಮನಿ ಮುಂದ ಒಂದು ಇರಬೇಕಲ್ರೀ."

ಮಾವನ ಪರಮವೈರಿ ಸಂಡೂರಿನ ಕೆಂಪು ಧೂಳು. ಅಲ್ಲಿನ ಗಣಿಯಲ್ಲಿ ಕೆಲಸ ಮಾಡುವ ಭಾಮೈದ ಬಂದರೆ ಅವನ ಜೀಪು ಓಣಿಯ ಆಚೆಯೇ ನಿಲ್ಲಬೇಕು.

ವರ್ಷದ ದೊಡ್ಡ ದಿನ ಆಯುಧಪೂಜೆ. ಅಂದು ಪೈಪು ಹಿಡಿದರೆಂದರೆ ಗಾಲಿಯ ಸಂದುಗೊಂದಿಗೂ ಅಭ್ಯಂಜನ. ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ, ಗಾಲಿಗೊಂದು ನಿಂಬೆಹಣ್ಣು. ಹಣ್ಣಿನ ಮೇಲೆ ಗಾಡಿ ಹತ್ತಿಸುವುದಿಲ್ಲ. ಟೈರಿಗೆ ರಸ ಹತ್ತುತ್ತದಂತೆ. ಆಮೇಲೆ ಹ್ಯಾಂಡ್‌ಬ್ರೇಕನ್ನು ಕರಕರ ಎನ್ನುವಂತೆ ಮೇಲಕ್ಕೆಳೆದು, ಹಸಿ ಮೈಮೇಲೇ ಕವರು ಹೊದಿಸಿ ಒಳಗೆ ಹೋಗಿಬಿಡುತ್ತಾರೆ.

ದೀಪಾವಳಿಗೆ ಮಗಳು ಅಳಿಯ ಬಂದರು. ಹಂಪಿ ನೋಡೋಣ ಎಂದರು. ಕಾರು ಸ್ಟಾರ್ಟಾಯಿತು, ಗೇರು ಬಿತ್ತು, ಹ್ಯಾಂಡ್‌ಬ್ರೇಕೂ ಇಳಿಯಿತು. ಮೂತಿ ಎತ್ತಿ ಒಮ್ಮೆ ಗುರುಗುಟ್ಟಿದ ಗಾಡಿ ಇದ್ದಲ್ಲೇ ಕೂತಿತು. ಹಿಂದಿನ ಗಾಲಿ ಮಿಸುಕಲೊಲ್ಲದು.

ನೋಡನೋಡುತ್ತ ಓಣಿಯೇ ನೆರೆಯಿತು. "ಕ್ಲಚ್ ಹೋಗೈತಿ ಭಾವ," ಎಂದ ಸಂಡೂರಿನವ. ಕಂಪ್ಲಿಯ ಬೀಗರು ಮೀಸೆ ಮೇಲೆ ಕೈಯಾಡಿಸಿ, "ಟ್ರ್ಯಾಕ್ಟರ್ ಹಚ್ಚಿ ಎಳದ್ರಾತು. ಕಬ್ಬಿನ ಲೋಡೇ ಬರತೈತಿ, ಇದೇನು ಮಹಾ?" ಎಂದರು. ಎದುರುಮನೆ ಅಜ್ಜಿ ದೃಷ್ಟಿ ತೆಗೆಯಲು ಒಣಮೆಣಸಿನಕಾಯಿಯನ್ನೇ ತಂದರು. ಎಳೆದಿದ್ದರೆ ಏನಾಗುತ್ತಿತ್ತೋ, ಪುಣ್ಯಕ್ಕೆ ಅಷ್ಟರಲ್ಲಿ ಮೆಕ್ಯಾನಿಕ್ ಹುಡುಗ ಬಂದ.

ಆತ ಮಾತಾಡಲಿಲ್ಲ. ಮುಂದಿನ ಗಾಲಿಗೆ ಕಲ್ಲು ಕೊಟ್ಟ, ಜಾಕಿ ಏರಿಸಿದ, ಹಿಂದಿನ ಗಾಲಿ ಬಿಚ್ಚಿದ, ಸುತ್ತಿಗೆಯಿಂದ ಡ್ರಮ್ಮಿನ ಸುತ್ತ ಮೆಲ್ಲಗೆ ತಟ್ಟುತ್ತ ಬಂದ. ಟಪ್ ಎಂದು ಏನೋ ಬಿಟ್ಟಿತು. ಡ್ರಮ್ ಕಳಚಿದರೆ ನೆಲಕ್ಕೆ ಉದುರಿದ್ದು ಕೆಂಪು ಪುಡಿ.

"ಭಾವ, ನಮ್ಮೂರ ಮಾಲು ನಿಮ್ಮ ಕಾರೊಳಗೇ ತಯಾರಾಗೈತಿ!" ಭಾಮೈದನಿಗೆ ನಗು ತಡೆಯಲಿಲ್ಲ. ತಮಾಷೆಯಾದರೂ ಸುಳ್ಳಲ್ಲ. ಸಂಡೂರಿನ ಹೆಮಟೈಟ್ ಅದಿರು ಕಬ್ಬಿಣದ ಆಕ್ಸೈಡು. ತುಕ್ಕೂ ಅದೇ ಕುಲದ್ದು. ಡ್ರಮ್ಮಿನ ಒಳಮೈ ಬರೀ ಕಬ್ಬಿಣ, ಬಣ್ಣವಿರುವುದಿಲ್ಲ. ನೀರು ಬಿದ್ದ ಮೇಲೆ ಗಾಡಿ ಓಡಿದರೆ ತುಕ್ಕು ಉಜ್ಜಿ ಹೋಗುತ್ತದೆ. ಬ್ರೇಕು ಬಿಗಿದು ನಿಲ್ಲಿಸಿದರೆ ಲೈನರು ತುಕ್ಕಿನೊಂದಿಗೆ ಕಚ್ಚಿಕೊಳ್ಳುತ್ತದೆ. ಮೇಲೆ ಕವರು ಬೇರೆ, ತೇವ ಆರಗೊಡುವುದಿಲ್ಲ.

"ತೊಳದ ಮ್ಯಾಗ ಡ್ಯಾಮಿನ ತನಕ ಒಂದು ರೌಂಡ್ ಹೊಡದು ಬರ್ರಿ ಅಂಕಲ್, ನಡುನಡುವೆ ಬ್ರೇಕ್ ಒತ್ತಿ ಒಣಗಸ್ರಿ. ಬಾಳ ದಿನ ನಿಲ್ಲಿಸೋದಾದ್ರ ಹ್ಯಾಂಡ್‌ಬ್ರೇಕ್ ಬ್ಯಾಡ. ಗೇರಿಗೆ ಹಾಕಿ ಗಾಲಿಗೆ ಕಲ್ಲು ಕೊಡ್ರಿ."

"ಕಲ್ಲು ಪೇಂಟಿಗೆ ತಾಗಿದ್ರ?" ಎಂದರು ಮಾವ.

ಎರಡನೆಯ ಗಾಲಿಯೂ ಬಿಡುವಷ್ಟರಲ್ಲಿ ಮಧ್ಯಾಹ್ನ. ಹಂಪಿ ಇರುವುದು ಹನ್ನೆರಡು ಹದಿಮೂರು ಕಿಲೋಮೀಟರು. ಎರಡನೇ ಗೇರು ಬಿಡದೆ ಹೋದೆವು. ಹಿಂದಿನ ಸೀಟಿನಲ್ಲಿದ್ದ ನನಗೆ ಸೈಕಲ್ಲಿನವರ ಬೆನ್ನೆಲ್ಲ ಪರಿಚಯವಾಯಿತು.

ವಿಠ್ಠಲ ದೇವಸ್ಥಾನದಲ್ಲಿ ಸಂಗೀತದ ಕಂಬಗಳಿಗೆ ಮಾವ ಕಿವಿಗೊಡಲಿಲ್ಲ. ಮನಸ್ಸೆಲ್ಲ ದೂರದ ಪಾರ್ಕಿಂಗಿನಲ್ಲಿ. 50 ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥದ ಮುಂದೆ ಮಾತ್ರ ನಿಂತರು. ಒಂದು ಕಾಲಕ್ಕೆ ಇದರ ಗಾಲಿ ತಿರುಗುತ್ತಿದ್ದವು, ಸವೆಯುತ್ತವೆಂದು ಈಗ ತಿರುಗದಂತೆ ಮಾಡಿದ್ದಾರೆ ಎಂದ ಗೈಡು. ಮಾವನ ಮುಖ ಅರಳಿತು. ಇನ್ನೊಮ್ಮೆ ಹೇಳಿಸಿಕೊಂಡು ಅಳಿಯನತ್ತ ತಿರುಗಿದರು:

"ಕೇಳಿದ್ರೇನ್ರಿ ಅಳಿಯಂದ್ರೆ? ಗಾಡಿ ಇಡೋದು ಅಂದ್ರ ಹಿಂಗ!"